ಗರ್ಭಕಂಠದ ಕ್ಯಾನ್ಸರ್: ನೋವು ಬರುವ ಮೊದಲೇ ಪರೀಕ್ಷೆ

ಚಿಕ್ಕೋಡಿ ತಾಲೂಕಿನ ಸದಲಗಾ ಪಟ್ಟಣವು ಕೃಷ್ಣೆಯ ಉಪನದಿಯಾದ ದೂಧಗಂಗೆಯ ದಂಡೆಯ ಮೇಲಿದೆ. ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಕಣ್ಣಿಗೆ ಬೀಳುವುದು ಕಬ್ಬಿನ ಹೊಲ. ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಕೆಂಪು ಕೊಳೆ ರೋಗವನ್ನು ನಾವು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಹೊರಗಿನಿಂದ ನೋಡಿದರೆ ಗಳ ಹಸಿರಾಗಿಯೇ ಇರುತ್ತದೆ. ಗರಿಯೂ ನೆಟ್ಟಗೆ ನಿಂತಿರುತ್ತದೆ. ಆದರೆ ಗಳವನ್ನು ಉದ್ದಕ್ಕೆ ಸೀಳಿದಾಗ ಒಳಗಿನ ತಿರುಳು ಕೆಂಪಗಾಗಿರುತ್ತದೆ. ಗರಿಗಳು ಹಳದಿಯಾಗಿ ಒಣಗುವ ಹೊತ್ತಿಗೆ ಆ ಗಳದಿಂದ ರೈತನಿಗೆ ಯಾವ ಪ್ರಯೋಜನವೂ ಉಳಿದಿರುವುದಿಲ್ಲ. ಆದುದರಿಂದಲೇ ತಿಳಿದ ರೈತನು ಬೀಜದ ಕಬ್ಬನ್ನು ನಾಟಿಗೆ ಮೊದಲೇ ಸೀಳಿ ನೋಡುತ್ತಾನೆ. ಗರಿ ಒಣಗುವವರೆಗೆ ಕಾಯುವುದಿಲ್ಲ.

ಸ್ತ್ರೀಯರನ್ನು ಬಾಧಿಸುವ ಗರ್ಭಕಂಠದ ಕ್ಯಾನ್ಸರಿನ ನಡೆಯೂ ಬಹುಮಟ್ಟಿಗೆ ಹೀಗೆಯೇ ಇದೆ. ವರ್ಷಾನುಗಟ್ಟಲೆ ಅದು ಸದ್ದಿಲ್ಲದೆ ಬೆಳೆಯುತ್ತದೆ. ನೋವು, ರಕ್ತಸ್ರಾವ ಮುಂತಾದ ಲಕ್ಷಣಗಳು ತೋರುವ ವೇಳೆಗೆ ರೋಗವು ಬಹಳ ದೂರ ಸಾಗಿರುವುದುಂಟು. 2022ರ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಸ್ತ್ರೀಯರಲ್ಲಿ ಈ ರೋಗ ಹೊಸದಾಗಿ ಕಂಡುಬಂದಿತು. ಸುಮಾರು 80,000 ಸ್ತ್ರೀಯರು ಇದರಿಂದ ಮೃತರಾದರು. ಇಡೀ ಪ್ರಪಂಚದಲ್ಲಿ ಇದರಿಂದ ಸತ್ತವರ ಪೈಕಿ ಐವರಲ್ಲಿ ಒಬ್ಬಳಿಗಿಂತ ಹೆಚ್ಚು ನಮ್ಮ ದೇಶದವಳು. ಇಷ್ಟಾದರೂ ದೊಡ್ಡ ಕ್ಯಾನ್ಸರುಗಳ ಪೈಕಿ ಇದರಷ್ಟು ಸುಲಭವಾಗಿ ತಡೆಯಬಹುದಾದದ್ದು ಇನ್ನೊಂದಿಲ್ಲವೆನ್ನಬಹುದು.

ಇಂತಹ ವಿಷಯವನ್ನು ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಪ್ರಸ್ತಾಪಿಸುವುದು ಉಚಿತವೇ ಎಂದು ಕೆಲವು ಹಿರಿಯರು ಕೇಳಬಹುದು. ಉಚಿತವೆಂದೇ ನಮ್ಮ ಅಭಿಪ್ರಾಯ. ನಮ್ಮ ಅನೇಕ ಮನೆಗಳಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಬಲ್ಲವರು ಕಾಲೇಜಿಗೆ ಹೋಗುವ ಮಗಳು ಅಥವಾ ಮಗನೇ. ಅವ್ವನಾದರೋ ತನ್ನ ದೇಹದ ವಿಷಯವನ್ನು ಬಾಯಿ ಬಿಟ್ಟು ಹೇಳುವವಳಲ್ಲ. ಹೇಳದವಳ ಪರವಾಗಿ ತಿಳಿದುಕೊಳ್ಳಬೇಕಾದವರು ಓದಬಲ್ಲವರೇ ಅಲ್ಲವೆ?

ಗರ್ಭಕೋಶದ ಆಕಾರ ತಲೆಕೆಳಗಾಗಿ ಹಿಡಿದ ಪೇರಲಹಣ್ಣಿನಂತೆ ಇರುತ್ತದೆ. ಕೆಳಗೆ ಕಿರಿದಾಗಿ ಯೋನಿಯೊಳಕ್ಕೆ ಚಾಚಿಕೊಂಡಿರುವ ಭಾಗವೇ ಗರ್ಭಕಂಠ. ಇದರ ಹೊರಮೈಯನ್ನು ಹಲವು ಪದರಗಳುಳ್ಳ ಚಪ್ಪಟೆ ಜೀವಕೋಶಗಳು ಹೊದಿಸಿವೆ. ಒಳಗಿನ ಕಾಲುವೆಯನ್ನು ಕಂಬದಂತೆ ಎತ್ತರವಾದ ಕೋಶಗಳ ಒಂದೇ ಪದರ ಹೊದಿಸಿದೆ. ಈ ಎರಡು ಬಗೆಯ ಹೊದಿಕೆಗಳು ಕೂಡುವ ಗಡಿ ಒಂದೇ ಕಡೆ ಸ್ಥಿರವಾಗಿ ನಿಲ್ಲುವುದಿಲ್ಲ. ಪ್ರಾಯ ಬಂದಾಗ, ಗರ್ಭ ಧರಿಸಿದಾಗ, ಮುಟ್ಟು ನಿಂತ ಮೇಲೆ ಅದು ಸರಿಯುತ್ತಿರುತ್ತದೆ. ಸರಿಯುವಾಗ ಎತ್ತರದ ಕೋಶಗಳ ಜಾಗವನ್ನು ಚಪ್ಪಟೆ ಕೋಶಗಳು ಆಕ್ರಮಿಸಿಕೊಳ್ಳುತ್ತವೆ. ಹೀಗೆ ಸದಾ ಬದಲಾಗುತ್ತಿರುವ ಈ ಪಟ್ಟಿಯಲ್ಲಿಯೇ ಗರ್ಭಕಂಠದ ಕ್ಯಾನ್ಸರುಗಳ ಬಹುಭಾಗ ಆರಂಭವಾಗುತ್ತದೆ. ಜಾಗ ಚಿಕ್ಕದು, ಶಸ್ತ್ರವಿಲ್ಲದೆ, ಒಂದು ಸಾಧಾರಣ ಉಪಕರಣದಿಂದ ಕಣ್ಣಾರೆ ನೋಡಬಹುದಾದದ್ದು. ಹೊಟ್ಟೆಯೊಳಗಿನ ಬೇರೆ ಅಂಗಗಳಿಗೆ ಈ ಅನುಕೂಲವಿಲ್ಲ. ಪರೀಕ್ಷೆಯ ಕಥೆಯೆಲ್ಲವೂ ಈ ಅನುಕೂಲದ ಮೇಲೆಯೇ ನಿಂತಿದೆ.

ರೋಗಕ್ಕೆ ಕಾರಣವೇನು? 1842ರಲ್ಲಿ ಇಟಲಿಯ ರಿಗೋನಿ-ಸ್ಟರ್ನ್ ಎಂಬ ವೈದ್ಯನು ವೆರೋನಾ ನಗರದ ಮರಣದ ದಾಖಲೆಗಳನ್ನು ಶೋಧಿಸಿ, ಗರ್ಭಕೋಶದ ಕ್ಯಾನ್ಸರ್ ಮದುವೆಯಾದವರಲ್ಲಿ ಹೆಚ್ಚೆಂದೂ ಸನ್ಯಾಸಿನಿಯರಲ್ಲಿ ವಿರಳವೆಂದೂ ತೋರಿಸಿದನು. ದೈಹಿಕ ಸಂಪರ್ಕದಿಂದ ಹರಡುವ ಯಾವುದೋ ಒಂದು ವಸ್ತು ಇದರ ಹಿಂದೆ ಇರಬೇಕೆಂಬ ಊಹೆಗೆ ಇದು ಎಡೆಮಾಡಿತು. ಆ ವಸ್ತು ಯಾವುದೆಂದು ತಿಳಿಯಲು ಮತ್ತೆ 140 ವರ್ಷ ಹಿಡಿಯಿತು. 1983 ಮತ್ತು 1984ರಲ್ಲಿ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಮತ್ತು ಅವರ ಸಂಗಡಿಗರು ಈ ಕ್ಯಾನ್ಸರಿನ ಗಡ್ಡೆಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬ ವೈರಸಿನ ಎರಡು ಬಗೆಗಳನ್ನು ಕಂಡುಹಿಡಿದರು. ಇದನ್ನೇ ಚಿಕ್ಕದಾಗಿ ಎಚ್.ಪಿ.ವಿ. ಎನ್ನುತ್ತಾರೆ. ಇದರ ಬಗೆಗಳನ್ನು ಅಂಕಿಗಳಿಂದ ಗುರುತಿಸುವುದು ವಾಡಿಕೆ. ಅವರಿಗೆ ದೊರೆತವು 16 ಮತ್ತು 18. ಗರ್ಭಕಂಠದ ಕ್ಯಾನ್ಸರುಗಳಲ್ಲಿ 100ಕ್ಕೆ ಸುಮಾರು 70ರಷ್ಟಕ್ಕೆ ಈ ಎರಡೇ ಕಾರಣ. ಈ ಶೋಧನೆಗಾಗಿ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಸಂಬಂಧದಲ್ಲಿ ಇನ್ನೊಂದು ಸಂಗತಿ ಸ್ವಾರಸ್ಯವಾಗಿದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕರಿಯ ಜನಾಂಗದ ಹೆಣ್ಣುಮಗಳು ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ಗಡ್ಡೆಯಿಂದ ತೆಗೆದ ಕೋಶಗಳು ಪ್ರಯೋಗಶಾಲೆಯ ಪಾತ್ರೆಗಳಲ್ಲಿ ಸಾಯದೆ ಬೆಳೆಯತೊಡಗಿ, 'ಹೀಲಾ' ಎಂಬ ಹೆಸರಿನಿಂದ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಹಬ್ಬಿದವು. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳು ಆ ಕೋಶಗಳ ಮೇಲೆ ಲೆಕ್ಕವಿಲ್ಲದಷ್ಟು ಪ್ರಯೋಗಗಳನ್ನು ನಡೆಸಿದರು. ಅವುಗಳೊಳಗೇ 18ನೆಯ ಬಗೆಯ ವೈರಸಿನ ಅಂಶ ಅಡಗಿದ್ದುದು ತ್ಸುರ್ ಹೌಸೆನ್ ಅವರ ಶೋಧನೆಯ ತರುವಾಯವೇ ಬೆಳಕಿಗೆ ಬಂದಿತು. ಕೋಶಗಳನ್ನು ತೆಗೆಯುವಾಗ ಆ ಹೆಣ್ಣುಮಗಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲವೆಂಬುದೂ ಈ ಕಥೆಯ ಒಂದು ಭಾಗವೇ.

ವೈರಸ್ ಸಂಪರ್ಕದಿಂದ ಹರಡುತ್ತದೆಂದ ಮಾತ್ರಕ್ಕೆ ರೋಗಿಯ ನಡತೆಯನ್ನು ಶಂಕಿಸುವುದು ದೊಡ್ಡ ತಪ್ಪು. ದಾಂಪತ್ಯ ಜೀವನ ನಡೆಸುವ ಬಹುತೇಕ ಎಲ್ಲ ಸ್ತ್ರೀಪುರುಷರಿಗೂ ಇದು ಯಾವುದೋ ಒಂದು ಕಾಲದಲ್ಲಿ ತಗಲಿರುತ್ತದೆ. ಒಬ್ಬನೇ ಗಂಡನೊಡನೆ ಬಾಳಿದ ಹೆಂಗಸಿಗೂ ಬರಬಹುದು. ಗಂಡನಿಗೆ ತಾನು ವೈರಸನ್ನು ಹೊತ್ತಿರುವುದೇ ತಿಳಿದಿರುವುದಿಲ್ಲ. ಹೀಗೆ ತಗಲಿದ ವೈರಸನ್ನು ಹೆಚ್ಚಿನವರ ದೇಹವು ಒಂದೆರಡು ವರ್ಷಗಳಲ್ಲಿ ತಾನೇ ಹೊರಹಾಕುತ್ತದೆ. ಹೊರಹೋಗದೆ ವರ್ಷಗಟ್ಟಲೆ ಬೀಡುಬಿಟ್ಟ ಕೆಲವರಲ್ಲಿ ಮಾತ್ರ ಅಪಾಯ. ಅಂಥವರಲ್ಲಿ ವೈರಸಿನ ಎರಡು ಪ್ರೋಟೀನುಗಳು ಜೀವಕೋಶದ ಎರಡು ಕಾವಲು ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಕೋಶವು ಅಕಾಲದಲ್ಲಿ ವಿಭಜನೆಯಾಗದಂತೆ ತಡೆಯುವುದು ಒಂದು ಕಾವಲಿನ ಕೆಲಸ. ಕೆಟ್ಟುಹೋದ ಕೋಶ ಬದುಕಿ ಉಳಿಯದಂತೆ ನೋಡಿಕೊಳ್ಳುವುದು ಇನ್ನೊಂದರ ಕೆಲಸ. ಕಾವಲು ತಪ್ಪಿದ ಕೋಶಗಳು ಅಂಕೆಯಿಲ್ಲದೆ ಹೆಚ್ಚುತ್ತವೆ. ತಂಬಾಕಿನ ಹೊಗೆ ಈ ಕೇಡಿಗೆ ನೆರವಾಗುತ್ತದೆ. ನಿಪ್ಪಾಣಿಯ ಸೀಮೆಯ ವಾಚಕರು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೆ ಈ ಕೇಡು ಬಹಳ ನಿಧಾನ. ದೇಹದ ರೋಗನಿರೋಧ ಶಕ್ತಿ ಚೆನ್ನಾಗಿರುವವರಲ್ಲಿ ವೈರಸ್ ತಗಲಿದಂದಿನಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷಗಳಾಗುತ್ತವೆ. ಎಚ್.ಐ.ವಿ. ಸೋಂಕಿನಿಂದಲೋ ಇತರ ಕಾರಣದಿಂದಲೋ ಆ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು. ಈ ದೀರ್ಘಾವಧಿಯಲ್ಲಿ ಕೋಶಗಳು ಕೆಟ್ಟಿರುತ್ತವೆಯೇ ಹೊರತು ಕ್ಯಾನ್ಸರ್ ಆಗಿರುವುದಿಲ್ಲ. ನೋವಂತೂ ಇರುವುದೇ ಇಲ್ಲ. ನಾವು ಹಿಡಿಯಬೇಕಾದ ಕಾಲ ಇದೇ.

ಹಿಡಿಯುವ ಮೊದಲ ಉಪಾಯವನ್ನು ಕಂಡವನು ಗ್ರೀಸ್ ದೇಶದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾರ್ಜ್ ಪ್ಯಾಪನಿಕೊಲೊ. ಅವನು ಗಿನಿ ಇಲಿಗಳ ಋತುಚಕ್ರವನ್ನು ಅಭ್ಯಸಿಸುತ್ತ, ಯೋನಿಯಿಂದ ಉದುರುವ ಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರೂಢಿ ಮಾಡಿಕೊಂಡಿದ್ದನು. ಬಳಿಕ ಸ್ತ್ರೀಯರ ಕೋಶಗಳನ್ನೂ ಹಾಗೆಯೇ ನೋಡತೊಡಗಿದಾಗ, ಪರೀಕ್ಷೆಗೆ ಮೊದಲು ಒಪ್ಪಿದವಳು ಅವನ ಹೆಂಡತಿಯೇ. ಉದುರಿದ ಕೋಶಗಳಲ್ಲಿ ಕ್ಯಾನ್ಸರನ್ನು ಗುರುತಿಸಬಹುದೆಂದು 1928ರಲ್ಲಿ ಅವನು ಹೇಳಿದಾಗ ವೈದ್ಯರು ಕಿವಿಗೊಡಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರೌಟ್ ಎಂಬ ಸ್ತ್ರೀರೋಗತಜ್ಞನೊಡನೆ ಮತ್ತೆ ಪ್ರಕಟಿಸಿದ ಮೇಲೆ ಜಗತ್ತು ಒಪ್ಪಿತು. ಇಂದು ಅವನ ಹೆಸರಿನ ಮೊದಲ ತುಣುಕಿನಿಂದ ಪ್ಯಾಪ್ ಪರೀಕ್ಷೆಯೆಂದು ಪ್ರಸಿದ್ಧವಾಗಿರುವುದು ಇದೇ. ಗರ್ಭಕಂಠದ ಮೇಲ್ಮೈಯಿಂದ ಮೃದುವಾಗಿ ಸವರಿ ತೆಗೆದ ಕೋಶಗಳಿಗೆ ಬಣ್ಣ ಕಟ್ಟಿ ನೋಡುತ್ತಾರೆ. ಕೆಟ್ಟ ಕೋಶದ ಕೇಂದ್ರ ಅಳತೆಗೆ ಮೀರಿ ದೊಡ್ಡದಾಗಿ, ಕಪ್ಪಾಗಿ ಕಾಣುತ್ತದೆ. ಸ್ತ್ರೀಯರನ್ನು ಕ್ರಮವಾಗಿ ಕರೆಸಿ ಈ ಪರೀಕ್ಷೆ ಮಾಡಿದ ಪಾಶ್ಚಾತ್ಯ ದೇಶಗಳಲ್ಲಿ ಈ ಕ್ಯಾನ್ಸರಿನಿಂದಾಗುವ ಮರಣ ಬಹಳ ಇಳಿಯಿತು.

ನಮ್ಮಲ್ಲಿ ಹಾಗಾಗಲಿಲ್ಲ. ಪ್ಯಾಪ್ ಪರೀಕ್ಷೆಗೆ ಗಾಜಿನ ಪಟ್ಟಿಕೆಗಳನ್ನು ಓದಬಲ್ಲ ತಜ್ಞರು ಬೇಕು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಮಾಡಿಸಬೇಕು. ಫಲಿತಾಂಶಕ್ಕಾಗಿ ಇನ್ನೊಮ್ಮೆ ಬರಬೇಕು. ಕೂಲಿ ಬಿಟ್ಟು ಒಮ್ಮೆ ಬರುವುದೇ ಕಷ್ಟವಾದವಳು ಮೂರು ಸಲ ಬಂದಾಳೆ? ಆದುದರಿಂದ ಸುಲಭವಾದ ಬೇರೊಂದು ಕ್ರಮವನ್ನು ಬಳಕೆಗೆ ತಂದರು. ಗರ್ಭಕಂಠವನ್ನು ನೂರಕ್ಕೆ 3ರಿಂದ 5ರಷ್ಟು ಅಸೆಟಿಕ್ ಆಮ್ಲವಿರುವ ನೀರಿನಿಂದ ಒರಸಿ ಒಂದು ನಿಮಿಷ ಕಾಯುತ್ತಾರೆ. ಅಡಿಗೆಯ ವಿನೆಗರಿನಲ್ಲಿರುವ ಹುಳಿಯೂ ಇದೇ. ಕೆಟ್ಟ ಕೋಶಗಳಲ್ಲಿ ಪ್ರೋಟೀನಿನ ಅಂಶ ಹೆಚ್ಚು. ಹುಳಿ ತಾಗಿದಾಗ ಅದು ಹೆಪ್ಪುಗಟ್ಟಿ, ಆ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ದಾದಿ ಕೂಡ ಇದನ್ನು ಬರಿಗಣ್ಣಿನಿಂದ ನೋಡಿ ಆಗಲೇ ಹೇಳಬಲ್ಲಳು. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು 30ರಿಂದ 65 ವರ್ಷದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ವಿಧಿಸಿತು. ಮುಟ್ಟು ನಿಂತವರಲ್ಲಿ ಕೋಶಗಳ ಗಡಿ ಕಾಲುವೆಯೊಳಕ್ಕೆ ಸರಿದಿರುವುದರಿಂದ ಇದು ಅಷ್ಟಾಗಿ ಫಲಿಸದು. ನೋಡುವವರ ಕಣ್ಣಿನ ಅನುಭವವನ್ನೂ ಇದು ಬಹಳ ಅವಲಂಬಿಸಿದೆ.

ಮೂರನೆಯದು ವೈರಸನ್ನೇ ಹುಡುಕುವ ಎಚ್.ಪಿ.ವಿ. ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟು, 30ನೆಯ ವಯಸ್ಸಿನಿಂದ 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕೆಂದಿತು. ಹೆಂಗಸು ತಾನೇ ಮರೆಯಲ್ಲಿ ಹೋಗಿ ಮಾದರಿಯನ್ನು ತೆಗೆದುಕೊಡಬಹುದೆಂಬುದು ಇದರ ದೊಡ್ಡ ಅನುಕೂಲ. ಸಂಕೋಚದ ಸಮಸ್ಯೆ ಇದರಿಂದ ಅರ್ಧಕ್ಕರ್ಧ ಬಗೆಹರಿಯಬಹುದೆಂದು ನಮಗೆ ತೋರುತ್ತದೆ.

ಈ ಮೂರರಲ್ಲಿ ನಮ್ಮ ಹಳ್ಳಿಗಳಿಗೆ ಯಾವುದು ಉತ್ತಮ? ಈ ಪ್ರಶ್ನೆಗೆ ಉತ್ತರ ದೊರೆತದ್ದು ದೂರದ ಯಾವ ದೇಶದಲ್ಲಿಯೂ ಅಲ್ಲ. ಸದಲಗೆಯ ಹಾಗೆಯೇ ದಖ್ಖಣದ ಬಯಲಿನಲ್ಲಿರುವ ಹಳ್ಳಿಗಳಲ್ಲಿ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಪಟ್ಟಣಗಳಲ್ಲಿ ಆಸ್ಪತ್ರೆಯ ದಾಖಲೆಗಳನ್ನು ತಿರುವಿದರೆ ಲೆಕ್ಕ ಸಿಕ್ಕೀತು. ಹಳ್ಳಿಯ ರೋಗಿ ಆಸ್ಪತ್ರೆಗೇ ಬಾರದಿದ್ದಾಗ ಏನು ಮಾಡುವುದು? ಬಾರ್ಶಿಯ ಕಾರ್ಯಕರ್ತರು ಊರೂರು ತಿರುಗಿ, ಲಕ್ಷಣಗಳನ್ನು ಜನರಿಗೆ ವಿವರಿಸಿ, ಲಕ್ಷಣವಿದ್ದವರನ್ನು ಆಸ್ಪತ್ರೆಗೆ ಕರೆತಂದರು. ರೋಗವನ್ನು ಎಣಿಸಲು ಹೊರಟ ಈ ಕೆಲಸದಿಂದಲೇ, ಮೊದಲಿಗಿಂತ ಮುಂಚಿನ ಹಂತದಲ್ಲಿ ಬರುವ ರೋಗಿಗಳ ಸಂಖ್ಯೆ ಹೆಚ್ಚಿತೆಂಬುದು ಗಮನಾರ್ಹ.

ಇದೇ ಬಳಗದವರ ನೆರವಿನಿಂದ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವೂ ಫ್ರಾನ್ಸಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಡಾ. ಶಂಕರನಾರಾಯಣನ್ ಅವರೂ ಕೂಡಿ, 1999ರಲ್ಲಿ ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ ದೊಡ್ಡದೊಂದು ಪ್ರಯೋಗವನ್ನು ಕೈಗೊಂಡರು. ಈ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. 30ರಿಂದ 59 ವರ್ಷದ 1,31,746 ಸ್ತ್ರೀಯರಿದ್ದ ಹಳ್ಳಿಗಳನ್ನು 52 ಗುಂಪುಗಳಾಗಿ ಮಾಡಿ, ಅವುಗಳನ್ನು ನಾಲ್ಕು ವರ್ಗಗಳಾಗಿ ಹಂಚಿದರು. ಒಂದು ವರ್ಗಕ್ಕೆ ಎಚ್.ಪಿ.ವಿ. ಪರೀಕ್ಷೆ, ಒಂದಕ್ಕೆ ಪ್ಯಾಪ್, ಒಂದಕ್ಕೆ ಆಮ್ಲದ ಪರೀಕ್ಷೆ. ನಾಲ್ಕನೆಯದಕ್ಕೆ ತಿಳಿವಳಿಕೆ ಮಾತ್ರ. ಪರೀಕ್ಷೆ ನಡೆದದ್ದು ಪ್ರತಿಯೊಬ್ಬಳಿಗೂ ಒಂದೇ ಒಂದು ಸಲ. ಎಂಟು ವರ್ಷಗಳ ಫಲವನ್ನು 2009ರಲ್ಲಿ ಪ್ರಕಟಿಸಿದರು. ಎಚ್.ಪಿ.ವಿ. ಪರೀಕ್ಷೆಯ ವರ್ಗದ ಸುಮಾರು 34,000 ಸ್ತ್ರೀಯರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆಯಿಲ್ಲದ ವರ್ಗದ 31,000ಕ್ಕೂ ಹೆಚ್ಚು ಸ್ತ್ರೀಯರಲ್ಲಿ ಸತ್ತವರು 64. ಆಯುಷ್ಯದಲ್ಲಿ ಒಮ್ಮೆ ಮಾಡಿದ ಒಂದು ಪರೀಕ್ಷೆ ಮರಣವನ್ನು ಸುಮಾರು ಅರ್ಧಕ್ಕೆ ಇಳಿಸಿತ್ತು! ಉಳಿದೆರಡು ಪರೀಕ್ಷೆಗಳಿಂದ ಅಷ್ಟು ಸ್ಪಷ್ಟವಾದ ಲಾಭ ಆ ಹಳ್ಳಿಗಳಲ್ಲಿ ಕಾಣಲಿಲ್ಲ. ಆದರೂ ಆಮ್ಲದ ಪರೀಕ್ಷೆ ನಿಷ್ಪ್ರಯೋಜಕವೆನ್ನುವಂತಿಲ್ಲ. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ ಅದನ್ನು ಮತ್ತೆ ಮತ್ತೆ ನಡೆಸಿದಾಗ ಮರಣ 100ಕ್ಕೆ 31ರಷ್ಟು ಕಡಿಮೆಯಾಯಿತು.

ತಿಳಿವಳಿಕೆಯನ್ನಷ್ಟೇ ಪಡೆದ ಆ ನಾಲ್ಕನೆಯ ವರ್ಗದ ಸ್ತ್ರೀಯರಿಗೆ ಪರೀಕ್ಷೆಯನ್ನು ನಿರಾಕರಿಸಿದ್ದು ನ್ಯಾಯವೇ ಎಂಬ ಆಕ್ಷೇಪವೂ ಆಗ ಎದ್ದಿತು. ಆ ಹಳ್ಳಿಗಳಲ್ಲಿ ಹೇಗೂ ಪರೀಕ್ಷೆಯ ಏರ್ಪಾಡು ಇರಲಿಲ್ಲವೆಂಬುದು ಸಂಶೋಧಕರ ಸಮಾಧಾನ. ಆ 64 ಜನರ ಲೆಕ್ಕವನ್ನು ನಾವು ಓದುವಾಗ ಈ ಪ್ರಶ್ನೆ ಮನಸ್ಸನ್ನು ಚುಚ್ಚದೆ ಇರದು. ಅವರಿಂದ ದೊರೆತ ಜ್ಞಾನವನ್ನು ಬಳಸದೆ ಬಿಟ್ಟರೆ ಅನ್ಯಾಯ ಇಮ್ಮಡಿಯಾಗುತ್ತದೆ. ಬಳಕೆಯಾದರೋ ಅತ್ಯಲ್ಪ: 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಸ್ತ್ರೀಯರ ಪೈಕಿ ಗರ್ಭಕಂಠದ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ 100ಕ್ಕೆ ಇಬ್ಬರೂ ಇರಲಿಲ್ಲ.

ಈಗ ಸದಲಗೆಯ ಒಬ್ಬ ನಲವತ್ತು ವರ್ಷದ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಆಶಾ ಕಾರ್ಯಕರ್ತೆಯ ಒತ್ತಾಯಕ್ಕೆ ಪರೀಕ್ಷೆ ಮಾಡಿಸಿಕೊಂಡಳು. ಚೀಟಿಯಲ್ಲಿ 'ಪಾಸಿಟಿವ್' ಎಂದು ಬರೆದು ಬಂತು. ಮನೆಯಲ್ಲಿ ಅಳು ಆರಂಭವಾಗುತ್ತದೆ. ಅಳಬೇಕಾದ ಕಾರಣವೇ ಇಲ್ಲ. ಮೊದಲ ಪರೀಕ್ಷೆ ಧಾನ್ಯವನ್ನು ಜರಡಿ ಹಿಡಿದಂತೆ. ಇನ್ನಷ್ಟು ನೋಡಬೇಕಾದವರನ್ನು ಬೇರೆ ಮಾಡುವುದಷ್ಟೇ ಅದರ ಕೆಲಸ. ಪಾಸಿಟಿವ್ ಆದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಮುಂದಿನ ಹೆಜ್ಜೆಯಾಗಿ ಕಾಲ್ಪೊಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡಿ, ಅನುಮಾನವಿದ್ದಲ್ಲಿ ಅಕ್ಕಿಕಾಳಿನಷ್ಟು ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಆ ವರದಿಯಲ್ಲಿ 'ಸಿ.ಐ.ಎನ್.' ಎಂಬ ಮೂರು ಅಕ್ಷರಗಳೂ ಅವುಗಳ ಮುಂದೆ 1, 2 ಅಥವಾ 3 ಎಂಬ ಅಂಕಿಯೂ ಇರಬಹುದು. ಹೊದಿಕೆಯ ದಪ್ಪದಲ್ಲಿ ಎಷ್ಟು ಭಾಗ ಕೆಟ್ಟಿದೆಯೆಂಬುದನ್ನು ಈ ಅಂಕಿ ತಿಳಿಸುತ್ತದೆ. 1 ಎಂದಿದ್ದರೆ ಕೆಳಗಿನ ಮೂರನೆಯ ಒಂದು ಭಾಗ ಮಾತ್ರ. ಅದು ಬಹುತೇಕ ತಾನೇ ಸರಿಹೋಗುತ್ತದೆ. 2 ಮತ್ತು 3 ಎಂದಿದ್ದರೆ ಚಿಕಿತ್ಸೆ ಬೇಕು. ಈ ಮೂರೂ ಕ್ಯಾನ್ಸರ್ ಅಲ್ಲ. ಇದನ್ನು ಅಂಡರ್‌ಲೈನ್ ಮಾಡಿಕೊಂಡು ಅವ್ವನಿಗೆ ಓದಿ ಹೇಳಬೇಕಾದವರು ನೀವೇ, ವಾಚಕರೆ.

ಈ ಹಂತದ ಚಿಕಿತ್ಸೆ ಬಹು ಸರಳ. ಕೆಟ್ಟ ಪದರವನ್ನು ಅತಿ ಶೀತದಿಂದ ಹೆಪ್ಪುಗಟ್ಟಿಸುವುದು, ಬಿಸಿಯಿಂದ ಸುಡುವುದು, ಅಥವಾ ವಿದ್ಯುತ್ತು ಹರಿಯುವ ಸಣ್ಣ ತಂತಿಯ ಕುಣಿಕೆಯಿಂದ ಕೊರೆದು ತೆಗೆಯುವುದು. ಬಹಳ ಸಲ ಅಂದೇ ಮನೆಗೆ ಹಿಂದಿರುಗಬಹುದು, ಗರ್ಭಕೋಶ ಉಳಿಯುತ್ತದೆ. ಬಿಳಿ ಹೋಗುತ್ತದೆಂಬ ಒಂದೇ ಕಾರಣಕ್ಕೆ 'ಮುಂದೆ ಕ್ಯಾನ್ಸರ್ ಆದೀತು' ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆಯುವ ಕೆಟ್ಟ ರೂಢಿ ನಮ್ಮ ನಾಡಿನ ಕೆಲವು ಕಡೆ ಇದೆ. ಹಾಗೆ ಹೇಳಿದವರನ್ನು 'ಪರೀಕ್ಷೆಯ ವರದಿ ಎಲ್ಲಿ?' ಎಂದು ಕೇಳುವ ಹಕ್ಕು ರೋಗಿಗೆ ಉಂಟು.

ಕ್ಯಾನ್ಸರ್ ಆಗಿಯೇ ಇದ್ದರೆ, ಅದು ಎಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ನೋಡಿ ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಗರ್ಭಕಂಠದಲ್ಲಿಯೇ ಇರುವ ಮೊದಲ ಹಂತದ ಚಿಕ್ಕ ಗಡ್ಡೆಗಳಿಗೆ ಶಸ್ತ್ರಕ್ರಿಯೆ ಸಾಕಾಗುವುದುಂಟು. ಆಚೆ ಹಬ್ಬಿದ ಮೇಲೆ ವಿಕಿರಣವೇ ಮುಖ್ಯ ಚಿಕಿತ್ಸೆ. ಹೊರಗಿನಿಂದ ಕೆಲವು ವಾರ ಕಿರಣ ಹಾಯಿಸುವುದರ ಜೊತೆಗೆ, ವಿಕಿರಣ ಸೂಸುವ ಇರಿಡಿಯಂನಂತಹ ಮೂಲವನ್ನು ಗರ್ಭಕಂಠದ ಬಳಿಯಲ್ಲಿಯೇ ಸ್ವಲ್ಪ ಹೊತ್ತು ಇರಿಸುತ್ತಾರೆ. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನೂ ಕೊಡುವ ಕ್ರಮ 1999ರಿಂದ ರೂಢಿಗೆ ಬಂದಿತು. ಈ ಚಿಕಿತ್ಸೆ ಅರ್ಧಕ್ಕೆ ನಿಂತರೆ ಫಲ ಕೆಡುತ್ತದೆ. ಸುಗ್ಗಿ ಮುಗಿಸಿ ಬರುತ್ತೇವೆಂದು ನಡುವೆ ಊರಿಗೆ ಹೋಗಿಬಿಡಬಾರದು. ಎರಡು ಮುಟ್ಟುಗಳ ನಡುವೆ, ಗಂಡನೊಡನೆ ಕೂಡಿದ ಮೇಲೆ, ಅಥವಾ ಮುಟ್ಟು ನಿಂತ ಎಷ್ಟೋ ಕಾಲದ ಬಳಿಕ ರಕ್ತ ಕಾಣಿಸಿದರೆ, ದುರ್ವಾಸನೆಯ ಸ್ರಾವವಿದ್ದರೆ, ಪರೀಕ್ಷೆಯ ಸರದಿಗಾಗಿ ಕಾಯದೆ ಆ ವಾರವೇ ವೈದ್ಯರನ್ನು ಕಾಣಬೇಕು.

ರೋಗ ಬಾರದಂತೆ ತಡೆಯುವ ಲಸಿಕೆಯೂ ಇದೆ. 2006ರಲ್ಲಿ ಇದು ಮೊದಲು ಬಳಕೆಗೆ ಬಂತು. ಪುಣೆಯ ಸೀರಂ ಸಂಸ್ಥೆ ತಯಾರಿಸಿದ 'ಸರ್ವಾವ್ಯಾಕ್' ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ವೈರಸ್ ತಗಲುವ ಮೊದಲೇ, ಅಂದರೆ 9ರಿಂದ 14 ವರ್ಷದೊಳಗೆ, ಹಾಕಿಸಿದರೆ ಫಲ ಹೆಚ್ಚು. ಸ್ವೀಡನ್ನಿನಲ್ಲಿ 17 ವರ್ಷಕ್ಕೆ ಮುಂಚೆ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ 100ಕ್ಕೆ 88ರಷ್ಟು ಕಡಿಮೆಯಾದುದು 2020ರಲ್ಲಿ ವರದಿಯಾಯಿತು. ಎಲ್ಲ ಬಗೆಯ ವೈರಸುಗಳನ್ನೂ ಲಸಿಕೆ ತಡೆಯುವುದಿಲ್ಲವಾದ್ದರಿಂದ, ಲಸಿಕೆ ಪಡೆದ ತಂಗಿಯೂ ಮುಂದೆ 30 ವರ್ಷವಾದಾಗ ಪರೀಕ್ಷೆಗೆ ಹೋಗಬೇಕು.

ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದು ಗಡಿನಾಡಿನಲ್ಲಿ ಸ್ವಲ್ಪ ತೊಡಕಿನ ಪ್ರಶ್ನೆ. ಪರೀಕ್ಷೆಯ ವಿಚಾರವನ್ನು ಆಶಾ ಕಾರ್ಯಕರ್ತೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಚಿಕ್ಕೋಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬಹುದು. ಚಿಕಿತ್ಸೆಗೆ ಮಾತ್ರ ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆಯವರು ಬೆಳಗಾವಿಗೆ ಹೋಗುವಷ್ಟೇ ಸಹಜವಾಗಿ ಮಿರಜಿಗೋ ಕೊಲ್ಲಾಪುರಕ್ಕೋ ಹೋಗುತ್ತಾರೆ. ಮಿರಜು ಡಾ. ವಾನ್ಲೆಸ್ಸರ ಕಾಲದಿಂದಲೂ ಆಸ್ಪತ್ರೆಗಳ ಊರು. ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ ಅಲ್ಲಿದೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕೆಲಸ ಮಾಡುತ್ತಿದೆ. ಗಡಿ ದಾಟಿದಾಗ ಸರ್ಕಾರದ ನೆರವಿನ ಯೋಜನೆ ಬದಲಾಗುತ್ತದೆ. ಆಯುಷ್ಮಾನ್ ಚೀಟಿ ಆ ಆಸ್ಪತ್ರೆಯಲ್ಲಿ, ಈ ಚಿಕಿತ್ಸೆಗೆ ಸಲ್ಲುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ 14555 ಎಂಬ ದೂರವಾಣಿಯಲ್ಲಿಯೋ ಆಸ್ಪತ್ರೆಯ ಯೋಜನಾ ವಿಭಾಗದಲ್ಲಿಯೋ ವಿಚಾರಿಸಬೇಕು.

ಇನ್ನು ಕಾಗದಪತ್ರದ ವಿಷಯ. ಒಂದು ಆಸ್ಪತ್ರೆಯ ಸೂಚನೆ ಮರಾಠಿಯಲ್ಲಿ, ಇನ್ನೊಂದರದು ಕನ್ನಡದಲ್ಲಿ, ವರದಿಗಳೆಲ್ಲ ಇಂಗ್ಲಿಷಿನಲ್ಲಿ. ಹೀಗಾಗಿ ಮನೆಯವರು ಕಂಗೆಡುವುದು ಸ್ವಾಭಾವಿಕ. ಒಂದು ದಪ್ಪ ಕಡತವನ್ನು ಮಾಡಿ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಪೋಣಿಸಿಡಿರಿ. ತುಣುಕು ಪರೀಕ್ಷೆಯ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಗಾಜಿನ ಪಟ್ಟಿಕೆಗಳನ್ನೂ ಮೇಣದ ಅಚ್ಚನ್ನೂ ಕೇಳಿ ತೆಗೆದುಕೊಳ್ಳಿರಿ, ಏಕೆಂದರೆ ಅಲ್ಲಿನವರು ಅವನ್ನೇ ಮತ್ತೆ ನೋಡುತ್ತಾರೆ. ವೈದ್ಯರ ಬಳಿಗೆ ಹೋಗುವ ಮುನ್ನ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿರಿ: ಇದು ಕ್ಯಾನ್ಸರೋ, ಅದಕ್ಕೆ ಮುಂಚಿನ ಸ್ಥಿತಿಯೋ? ಯಾವ ಹಂತ? ಚಿಕಿತ್ಸೆ ಎಷ್ಟು ವಾರ? ಅಲ್ಲಿಯವರೆಗೆ ತಂಗುವುದೆಲ್ಲಿ? ಮುಂದಿನ ಪರೀಕ್ಷೆ ಎಂದು? ಕೊನೆಯ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಮುಂಚಿನ ಸ್ಥಿತಿಗೆ ಚಿಕಿತ್ಸೆ ಪಡೆದವಳು ಸುಮಾರು ಒಂದು ವರ್ಷದ ಬಳಿಕ ಮತ್ತೊಮ್ಮೆ ಪರೀಕ್ಷೆಗೆ ಹೋಗಬೇಕಾಗುತ್ತದೆ. ಆ ದಿನಾಂಕವನ್ನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡುವುದು ಮನೆಯ ವಿದ್ಯಾರ್ಥಿಯ ಕೆಲಸ.